ಹಳೆಯ ಪಟಗಳೂ ಹಳ್ಳಿಗಳ ಚರಿತ್ರೆಯೂ

ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳಲ್ಲಿ ಯಾವ ಹಳ್ಳಿಯ ಹಳೆಯ ಮನೆಗೆ ಹೋದರೂ, ಪಡಸಾಲೆಯಲ್ಲಿ ಕಂಬಳಿ ಹಾಸಿ ಕುಳ್ಳಿರಿಸಿದ ಮೇಲೆ, ಬಂದವರ ದೃಷ್ಟಿ ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಒಳಬಾಗಿಲಿನ ನೆತ್ತಿಯ ಮೇಲೆ, ತೊಲೆಗೆ ತಾಗುವಂತೆ, ಗೋಡೆಯಿಂದ ಸ್ವಲ್ಪ ಮುಂದಕ್ಕೆ ಬಾಗಿ, ಸಾಲಾಗಿ ಪಟಗಳು ತೂಗಿರುತ್ತವೆ. ಮೊದಲು ದೇವರವು, ಅನಂತರ ಮಠದ ಸ್ವಾಮಿಗಳವು, ಕೊನೆಗೆ ಮನೆಯ ಹಿರಿಯರವು. ಗಾಜಿನ ಮೇಲೆ ಒಲೆಯ ಹೊಗೆ ಕುಳಿತಿರುತ್ತದೆ. ಚೌಕಟ್ಟಿನ ಹಿಂದೆ ಗುಬ್ಬಿ ಗೂಡು ಕಟ್ಟಿರುತ್ತದೆ. ಮನೆಯ ಯಜಮಾನನನ್ನು ‘ಇವರಾರು?’ ಎಂದು ಕೇಳಿದರೆ, ‘ನಮ್ಮ ಮುತ್ಯಾರಿ’ ಎನ್ನುತ್ತಾನೆ. ‘ಅವರ ಪಕ್ಕದಲ್ಲಿ ನಿಂತವರು?’ ಎಂದರೆ ಸ್ವಲ್ಪ ಹೊತ್ತು ನೋಡಿ, ‘ಯಾರೋ ಗೊತ್ತಿಲ್ರಿ. ನಮ್ಮವ್ವ ಇದ್ದಿದ್ದರ ಹೇಳತಿದ್ಲು’ ಎನ್ನುತ್ತಾನೆ.

ಸುಮಾರು ಇಪ್ಪತ್ತು ವರ್ಷಗಳಿಂದ ನಾವು ಕಾಲೇಜಿಗೆ ರಜೆ ದೊರೆತಾಗಲೆಲ್ಲ ಈ ಸೀಮೆಯಲ್ಲಿ ಅಲೆದಿದ್ದೇವೆ. ಶಾಸನವುಂಟೇ, ವೀರಗಲ್ಲುಂಟೇ, ತಾಮ್ರಪಟವುಂಟೇ, ಹಳೆಯ ದಫ್ತರದ ಕಾಗದಗಳುಂಟೇ ಎಂದು ವಿಚಾರಿಸಿದ್ದೇವೆ. ‘ಎಲ್ಲೀವರಿ ಸರ, ಗೆದ್ದಲ ತಿಂದು ಹೋದವು’ ಎಂಬ ಉತ್ತರವನ್ನು ಪಡೆದು, ಕೊಟ್ಟ ಚಹಾ ಕುಡಿದು, ಎದ್ದು ಬಂದಿದ್ದೇವೆ. ಹಾಗೆ ಬರುವಾಗ ಆ ಪಟಗಳ ಕೆಳಗಿನಿಂದಲೇ ತಲೆ ಬಗ್ಗಿಸಿ ಹಾದುಬಂದೆವೆಂಬುದು ನಮಗೆ ಬಹುಕಾಲ ಹೊಳೆಯಲಿಲ್ಲ. ಶಾಸನವನ್ನು ಬರೆಯಿಸಿದವನು ಅರಸು ಅಥವಾ ದಂಡನಾಯಕ. ವೀರಗಲ್ಲನ್ನು ಪಡೆದವನು ಕಾದಿ ಮಡಿದವನು. ಹೊಲ ಉತ್ತವರ, ಚೀಲ ಹೊತ್ತವರ ಮುಖಗಳೇನಾದರೂ ಉಳಿದಿದ್ದರೆ ಆ ಹೊಗೆ ಹಿಡಿದ ಗಾಜಿನ ಹಿಂದೆಯೇ ಉಳಿದಿರಬೇಕು. ಆ ಪಟಗಳ ವಿಷಯವಾಗಿಯೂ, ಅವುಗಳಲ್ಲೊಂದನ್ನು ಓದುವುದರಲ್ಲಿ ನಾವು ಮಾಡಿದ ತಪ್ಪಿನ ವಿಷಯವಾಗಿಯೂ ಇಲ್ಲಿ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಸೀಮೆಯ ಪರಿಚಯವಿಲ್ಲದ ಶ್ರೋತೃಗಳಿಗೆ ಮೊದಲು ಸ್ವಲ್ಪ ಹೇಳಬೇಕು. ಯಾದಗಿರಿ ಭೀಮಾನದಿಯ ದಡಕ್ಕೆ ಸಮೀಪದಲ್ಲಿ, ಕೋಟೆ ಹೊತ್ತ ಬೆಟ್ಟದ ಬುಡದಲ್ಲಿರುವ ಊರು. ಭೀಮೆಯನ್ನು ದಾಟಿ ಪಶ್ಚಿಮಕ್ಕೆ ಹೋದರೆ ಶಹಾಪುರ. ಅಲ್ಲಿನ ಗುಡ್ಡಗಳ ಸಾಲು ದೂರದಿಂದ ನೋಡಿದವರಿಗೆ ಮಲಗಿದ ಮನುಷ್ಯನಂತೆ ಕಾಣುವುದರಿಂದ ಮಲಗಿದ ಬುದ್ಧನೆಂದು ಜನರು ಅದನ್ನು ಕರೆಯುತ್ತಾರೆ. ಇನ್ನೂ ಮುಂದಕ್ಕೆ, ಸುತ್ತಲೂ ಬಂಡೆಗಲ್ಲಿನ ಗುಡ್ಡಗಳ ನಡುವೆ ಅಡಗಿದಂತಿರುವುದು ಸುರಪುರ. ಈ ಭೀಮಾಕೃಷ್ಣೆಗಳ ನಡುವಣ ನೆಲಕ್ಕೆ ಸಗರನಾಡೆಂದು ಹೆಸರು. ಇದು ಹಿಂದೆ ನಿಜಾಮರ ಹೈದರಾಬಾದು ರಾಜ್ಯಕ್ಕೆ ಸೇರಿದ್ದು, 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿತು. 2009ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯಿಂದ ಬೇರ್ಪಟ್ಟು ಯಾದಗಿರಿ ಜಿಲ್ಲೆಯೆನಿಸಿತು.

ಪ್ರಾಚೀನತೆಯ ವಿಷಯದಲ್ಲಿ ಈ ಸೀಮೆ ಯಾರಿಗೂ ತಲೆಬಾಗಬೇಕಾಗಿಲ್ಲ. ಹುಣಸಗಿ ಬಯಲಿನ ಇಸಾಂಪುರದಲ್ಲಿ ದೊರೆತ ಕಲ್ಲಿನ ಆಯುಧಗಳ ಕಾಲವನ್ನು ವಿದ್ವಾಂಸರು ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಕ್ಕೆ ಒಯ್ದಿದ್ದಾರೆ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಯಾರೋ, ಏತಕ್ಕೋ, ದೊಡ್ಡ ದೊಡ್ಡ ಬಂಡೆಗಳನ್ನು ಸಾಲುಹಿಡಿದು ನಿಲ್ಲಿಸಿದ್ದಾರೆ. ಮುದನೂರು ದೇವರ ದಾಸಿಮಯ್ಯನ ಊರು. ಗೋಗಿಯಲ್ಲಿ ಬಿಜಾಪುರದ ಆದಿಲಶಾಹಿ ಮನೆತನದ ಮೂಲಪುರುಷನಾದ ಯೂಸುಫನೂ, ಅವನ ಮಗ ಇಸ್ಮಾಯಿಲನೂ, ಮೊಮ್ಮಗ ಮೊದಲನೆಯ ಇಬ್ರಾಹಿಮನೂ ಮಣ್ಣುಗೂಡಿದ್ದಾರೆ. ಬಿಜಾಪುರದ ಗೋಳಗುಮ್ಮಟವನ್ನು ನೋಡಿ ಬೆರಗಾಗುವ ಯಾತ್ರಿಕರಲ್ಲಿ ಗೋಗಿಯ ಹೆಸರು ಕೇಳಿದವರು ನೂರಕ್ಕೊಬ್ಬರು ಇದ್ದಾರೋ ಇಲ್ಲವೋ. ಇವೆಲ್ಲ ಗ್ರಂಥಗಳಲ್ಲಿ ಬಂದಿರುವ ಸಂಗತಿಗಳಾದುದರಿಂದ ವಿಸ್ತರಿಸುವುದಿಲ್ಲ. ಆದರೆ ಸುರಪುರದ ನಾಯಕರ ವಿಷಯ ನಮ್ಮ ಪ್ರಸಕ್ತಿಗೆ ಸಂಬಂಧಿಸಿದುದಾದುದರಿಂದ ಅಲ್ಲಿ ಸ್ವಲ್ಪ ನಿಲ್ಲುತ್ತೇವೆ.

1841ರಲ್ಲಿ ಫಿಲಿಪ್ ಮೆಡೋಸ್ ಟೇಲರ್ ಎಂಬ ಆಂಗ್ಲ ಅಧಿಕಾರಿ ಸುರಪುರಕ್ಕೆ ಬಂದನು. ನಿಜಾಮರ ಸೈನ್ಯದಲ್ಲಿ ಸೇವೆ ಮಾಡಿದವನು, ಕಾದಂಬರಿಕಾರ, ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆಯುತ್ತಿದ್ದವನು. ಸಂಸ್ಥಾನದ ಒಡೆಯನಾದ ವೆಂಕಟಪ್ಪ ನಾಯಕ ಆಗ ಚಿಕ್ಕ ಹುಡುಗ. ತಾಯಿ ಈಶ್ವರಮ್ಮ ರಾಣಿ. ಟೇಲರನು 1853ರವರೆಗೆ ಅಲ್ಲಿದ್ದು ರಾಜ್ಯಭಾರವನ್ನು ನೋಡಿಕೊಂಡನು. ಹುಡುಗ ದೊರೆ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನಂತೆ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂಬ ಹೆಸರಿನಿಂದ ಈಗಲೂ ನಿಂತಿದೆ. ಅದೇ ಹುಡುಗ ಬೆಳೆದು, 1858ರಲ್ಲಿ ಬ್ರಿಟಿಷರ ಮೇಲೆ ಎದ್ದು, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕಿದನು. ಮರಣದಂಡನೆ ಕಡಿಮೆಯಾಗಿ ಕೆಲವು ವರ್ಷಗಳ ಸೆರೆಯೆಂದು ತೀರ್ಮಾನವಾಗಿದ್ದಾಗ, ಕರೆದೊಯ್ಯುವ ದಾರಿಯಲ್ಲಿ ಗುಂಡು ತಗಲಿ ಮೃತನಾದನು. ತಾನೇ ಹಾರಿಸಿಕೊಂಡನೆಂದು ಟೇಲರನ ಪುಸ್ತಕ ಹೇಳುತ್ತದೆ. 1860ರಲ್ಲಿ ಸುರಪುರ ನಿಜಾಮರ ಕೈಸೇರಿತು.

ಟೇಲರನು ಬರೀ ಅಧಿಕಾರಿಯಲ್ಲ. ಸುರಪುರದ ರಾಜನಕೋಳೂರಿನ ಕಲ್ಲುಮನೆಗಳನ್ನೂ, ಜೇವರ್ಗಿಯ ಕಲ್ಲುಗುಪ್ಪೆಗಳನ್ನೂ, ವಿಭೂತಿಹಳ್ಳಿಯ ಬಂಡೆಸಾಲುಗಳನ್ನೂ ಅಳೆದು, ಅಗೆಸಿ, ನಕ್ಷೆ ಬರೆದು, ವಿದ್ವಾಂಸರ ಗಮನಕ್ಕೆ ಮೊದಲು ತಂದವನು ಅವನೇ. ಇದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರವಾದ ಇನ್ನೊಂದು ಸಂಗತಿಯುಂಟು. 1866ರಲ್ಲಿ ಲಂಡನ್ನಿನಲ್ಲಿ ಕನ್ನಡ ನಾಡಿಗೆ ಸಂಬಂಧಿಸಿದ ಎರಡು ಭಾರಿ ಛಾಯಾಚಿತ್ರ ಗ್ರಂಥಗಳು ಹೊರಟವು: ಒಂದು ಧಾರವಾಡ ಮತ್ತು ಮೈಸೂರಿನ ವಾಸ್ತುಶಿಲ್ಪದ ಮೇಲೆ, ಇನ್ನೊಂದು ಬಿಜಾಪುರದ ಮೇಲೆ. ಚಿತ್ರಗಳನ್ನು ತೆಗೆದವರು ಡಾಕ್ಟರ್ ಪಿಗೂ, ನೀಲ್, ಕರ್ನಲ್ ಬಿಗ್ಸ್ ಮೊದಲಾದವರು. ವಾಸ್ತುವಿನ ವಿವರಣೆ ಜೇಮ್ಸ್ ಫರ್ಗುಸನ್ನನದು. ಇತಿಹಾಸ ಬರೆದವನು ನಮ್ಮ ಟೇಲರ್. ಹನ್ನೆರಡು ವರ್ಷ ಸುರಪುರದ ಗುಡ್ಡದ ಮೇಲೆ ಕುಳಿತು ಅಲ್ಲಿಯ ಜನರ ಹೆಸರು, ಜಗಳ, ಜಾತ್ರೆಗಳನ್ನೆಲ್ಲ ಬಲ್ಲವನು, ಕೊನೆಗೆ ಛಾಯಾಚಿತ್ರಗಳಿಗೆ ಮಾತು ಬರೆಯುವ ಯೋಗ ಬಂದಾಗ ಬರೆದದ್ದು ಹಳೇಬೀಡು ಬಿಜಾಪುರಗಳ ವಿಷಯವಾಗಿ. ಸುರಪುರದ ಪಟಗಳು ಅವನ ಮುಂದೆ ಇರಲಿಲ್ಲ. ಇದಕ್ಕಾಗಿ ಅವನನ್ನು ದೂರುವುದು ನ್ಯಾಯವಲ್ಲ. ಅವನು ಸುರಪುರದಲ್ಲಿದ್ದ ಕಾಲಕ್ಕೆ ಛಾಯಾಗ್ರಹಣವೆಂಬುದು ಹುಟ್ಟಿ ಹತ್ತು ಹದಿನೈದು ವರ್ಷವಾಗಿತ್ತಷ್ಟೆ. ಗಾಜಿನ ಫಲಕ, ರಸಾಯನಗಳ ಸೀಸೆ, ಕತ್ತಲೆಯ ಡೇರೆ ಇವನ್ನೆಲ್ಲ ಗಾಡಿಯ ಮೇಲೆ ಹೇರಿಕೊಂಡು ಹೋಗಬೇಕಾದ ವಿದ್ಯೆ ಅದು. ಅಂತೂ ಈ ಸೀಮೆಯ ಮುಖಗಳನ್ನು ಹೆಸರುಹೇಳಿ ಗುರುತಿಸಬಲ್ಲ ವಿದ್ವಾಂಸನಿದ್ದಾಗ ಪಟವಿರಲಿಲ್ಲ. ಪಟ ಬಂದಾಗ ಅಂಥವನಿರಲಿಲ್ಲ.

ಪಟ ಬಂದದ್ದು ರೈಲಿನೊಡನೆ. ಬೊಂಬಾಯಿ ಕಡೆಯ ರೈಲುಮಾರ್ಗ 1871ರಲ್ಲಿ ರಾಯಚೂರಿಗೆ ಬಂದು ಮದರಾಸಿನ ಮಾರ್ಗವನ್ನು ಕೂಡಿತು. ಯಾದಗಿರಿ ಆ ದಾರಿಯ ಮೇಲಿನ ನಿಲ್ದಾಣವಾಯಿತು. ಶಹಾಪುರ ಸುರಪುರಗಳು ಆಗಲಿಲ್ಲ. ಅಲ್ಲಿಗೆ ಹೋಗುವವರು ಯಾದಗಿರಿಯಲ್ಲಿ ಇಳಿದು, ಗಾಡಿ ಹೂಡಿಸಿಕೊಂಡು, ಭೀಮೆಯನ್ನು ದಾಟಿ ಹೋಗಬೇಕಾಗಿತ್ತು. ಈ ವ್ಯತ್ಯಾಸವು ಗೋಡೆಯ ಪಟಗಳಲ್ಲಿಯೂ ಕಾಣುತ್ತದೆಯೆಂಬುದು ನಮ್ಮ ಅನುಭವ. ಯಾದಗಿರಿಯ ವ್ಯಾಪಾರಿಗಳ ಮನೆಗಳಲ್ಲಿ ನಾವು ಕಂಡ ಪಟಗಳು ಶಹಾಪುರದ ಒಳಹಳ್ಳಿಗಳ ಪಟಗಳಿಗಿಂತ ಒಂದು ತಲೆಮಾರು ಹಳೆಯವು. ರೈಲು ಹತ್ತಿದವರು ಕಲಬುರಗಿ, ಸೊಲ್ಲಾಪುರ, ಸಿಕಂದರಾಬಾದುಗಳ ಅಂಗಡಿಗಳಿಗೆ ಹೋಗಿ ಪಟ ತೆಗೆಯಿಸಿಕೊಂಡರು. ಹತ್ತದವರು, ಜಾತ್ರೆಗೆ ಪಟದವನು ಬರುವವರೆಗೆ ಕಾದರು.

ಹೈದರಾಬಾದು ರಾಜ್ಯದಲ್ಲಿ ಆ ಕಾಲದ ಛಾಯಾಗ್ರಾಹಕರೆಂದರೆ ಲಾಲಾ ದೀನದಯಾಳರು. ಆರನೆಯ ನಿಜಾಮ ಮೀರ್ ಮಹಬೂಬ್ ಅಲೀಖಾನರ ಆಸ್ಥಾನದ ಛಾಯಾಗ್ರಾಹಕರಾಗಿ ರಾಜಾ ಎಂಬ ಬಿರುದನ್ನು ಪಡೆದವರು, 1905ರಲ್ಲಿ ತೀರಿಕೊಂಡರು. ಅರಮನೆ, ಬೇಟೆ, ಸವಾರಿ, ಸೈನ್ಯ ಇವುಗಳ ಅವರ ಪಟಗಳು ಲೋಕಪ್ರಸಿದ್ಧವಾಗಿವೆ. 1892ರಲ್ಲಿ ಅವರು ಗೋಷಾ ಸ್ತ್ರೀಯರಿಗಾಗಿ ಬೇರೆ ಪಟದ ಮನೆಯನ್ನು ತೆರೆದು, ಅದನ್ನು ಒಬ್ಬ ಆಂಗ್ಲ ಮಹಿಳೆಯ ವಶಕ್ಕೆ ಕೊಟ್ಟರು. ನಗರದ ನವಾಬರ ಮನೆತನದ ಹೆಂಗಸರಿಗೆ ಅನುಕೂಲವಾಯಿತು. ನಮ್ಮ ಸೀಮೆಯ ಒಕ್ಕಲಗಿತ್ತಿಗೆ ಗೋಷೆಯೂ ಇರಲಿಲ್ಲ, ಪಟವೂ ಇರಲಿಲ್ಲ.

1914ರಲ್ಲಿ ಹೈದರಾಬಾದು ಸರಕಾರ ಪ್ರಾಚ್ಯವಸ್ತು ಇಲಾಖೆಯನ್ನು ಸ್ಥಾಪಿಸಿ ಗುಲಾಂ ಯಜ್ದಾನಿಯವರನ್ನು ಅದರ ಮುಖ್ಯರನ್ನಾಗಿ ನೇಮಿಸಿತು. ಸಗರ, ಗೋಗಿ, ಶಹಾಪುರಗಳ ಪಾರಸಿ ಶಾಸನಗಳನ್ನು ಓದಿ ಪ್ರಕಟಿಸಿದ ಪುಣ್ಯ ಆ ವಿದ್ವಾಂಸರದು. ಸ್ಮಾರಕಗಳ ಛಾಯಾಚಿತ್ರಗಳು ಆಗ ಎಲ್ಲೆಡೆಯೂ ತೆಗೆಯಲ್ಪಟ್ಟವು. ಅಂಥ ಚಿತ್ರಗಳಲ್ಲಿ ಒಂದು ರೂಢಿಯಿತ್ತು. ಗುಮ್ಮಟದ ಅಥವಾ ಬಂಡೆಯ ಎತ್ತರ ನೋಡುವವರಿಗೆ ತಿಳಿಯಲೆಂದು ಒಬ್ಬ ಮನುಷ್ಯನನ್ನು ಅದರ ಪಕ್ಕದಲ್ಲಿ ನಿಲ್ಲಿಸುವುದು. ಹತ್ತಿರದ ಹೊಲದಲ್ಲಿ ದನ ಕಾಯುತ್ತಿದ್ದವನೋ, ಸಾಮಾನು ಹೊತ್ತುತಂದ ಆಳೋ ಯಾರಾದರೂ ಆದೀತು. ಅಳತೆಯ ಕೋಲು ಮರೆತಲ್ಲಿ ಮನುಷ್ಯನೇ ಕೋಲು. ಚಿತ್ರದ ಕೆಳಗೆ ಗುಮ್ಮಟದ ಹೆಸರು, ಅದನ್ನು ಕಟ್ಟಿಸಿದವನ ಹೆಸರು, ಹಿಜರಿ ವರ್ಷ, ಇಸವಿ ಎಲ್ಲ ಇರುತ್ತವೆ. ಕೋಲಾಗಿ ನಿಂತವನ ಹೆಸರು ಇರುವುದಿಲ್ಲ. ಇಂಥ ಚಿತ್ರಗಳನ್ನು ನಾವು ವಿದ್ಯಾರ್ಥಿಗಳಿಗೆ ನೂರಾರು ಸಲ ತೋರಿಸಿ ಪಾಠ ಹೇಳಿದ್ದೇವೆ. ಒಬ್ಬ ವಿದ್ಯಾರ್ಥಿಯೂ ‘ಆ ಮನುಷ್ಯ ಯಾರು ಸರ?’ ಎಂದು ಕೇಳಲಿಲ್ಲ. ನಾವೂ ಕೇಳಿಕೊಂಡಿರಲಿಲ್ಲ.

ಇನ್ನು ಮನೆಗಳಲ್ಲಿರುವ ಪಟಗಳನ್ನು ಓದುವ ಬಗೆ. ಇದಕ್ಕೆ ಲಿಪಿಶಾಸ್ತ್ರದಂತೆ ಒಂದು ಶಾಸ್ತ್ರ ಬೇಕಾಗುತ್ತದೆ. ಅದನ್ನು ಯಾರೂ ನಮಗೆ ಕಲಿಸಲಿಲ್ಲ, ನೋಡಿ ನೋಡಿ ಕಲಿತೆವು. ಮೊದಲು ಹಿಂದಿನ ಪರದೆಯನ್ನು ನೋಡಬೇಕು. ಜೋಳದ ರೊಟ್ಟಿಯ ನಾಡಿನ ಗೌಡರು ಸಂಗಮರವರಿಯ ಮೆಟ್ಟಿಲು, ಸರೋವರ, ಅದರಲ್ಲಿ ತೇಲುವ ಹಂಸ ಇವುಗಳ ಮುಂದೆ ನಿಂತಿರುತ್ತಾರೆ. ಒಂದೇ ಮೆಟ್ಟಿಲು ಮೂರು ಊರುಗಳ ಮೂರು ಮನೆಗಳ ಪಟಗಳಲ್ಲಿ ನಮಗೆ ಕಂಡಿತು. ಮೂವರೂ ಒಂದೇ ಅಂಗಡಿಯಲ್ಲಿ ನಿಂತವರೆಂದು ಗೊತ್ತಾಯಿತು. ಒಂದೇ ಕೋಟು ಇಬ್ಬರ ಮೈಮೇಲೆ ಕಂಡದ್ದೂ ಉಂಟು. ಒಬ್ಬನಿಗೆ ತೋಳು ಗಿಡ್ಡವಾಗಿತ್ತು, ಇನ್ನೊಬ್ಬನಿಗೆ ಉದ್ದವಾಗಿತ್ತು. ಅದು ಅಂಗಡಿಯವನ ಕೋಟು. ಆದರೆ ಕಾಲಿನ ಕೆರಗಳು ಅಂಗಡಿಯವನವಲ್ಲ. ಆದುದರಿಂದ ಮನುಷ್ಯನ ನಿಜಸ್ಥಿತಿಯನ್ನು ತಿಳಿಯಬೇಕಾದರೆ ನಾವು ಪಟವನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇವೆ.

ಬಯಲಿನಲ್ಲಿ ತೆಗೆದ ಪಟವಾದರೆ ಹಿನ್ನೆಲೆಯೇ ಹೆಚ್ಚು ಮಾತನಾಡುತ್ತದೆ. ಅಗಸಿಬಾಗಿಲು, ಹುಡೇವು, ಮಣ್ಣಿನ ಮಾಳಿಗೆ, ಕಣಿಕೆಯ ಬಣವೆ. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು ಕೃಷ್ಣೆಯ ನೀರು ಎಡದಂಡೆಯ ಕಾಲುವೆಗಳಲ್ಲಿ ಹರಿದ ಮೇಲೆ ಸುರಪುರ ಶಹಾಪುರಗಳ ಎಷ್ಟೋ ಜೋಳದ ಹೊಲಗಳು ಬತ್ತದ ಗದ್ದೆಗಳಾದವು. ಅದಕ್ಕೆ ಮೊದಲಿನ ಪಟದಲ್ಲಿ ದಿಗಂತದವರೆಗೆ ಎರೆಭೂಮಿ. ಒಂದು ಜಾಲಿ, ಒಂದು ಬೇವು. ಈಗಿನ ಹುಡುಗರಿಗೆ ಆ ಪಟ ತೋರಿಸಿದರೆ ತಮ್ಮ ಊರೆಂದು ನಂಬುವುದಿಲ್ಲ.

ಹೆಂಗಸರ ಪಟಗಳು ವಿರಳ. ಮದುವೆಯಾದ ಹೊಸದರಲ್ಲಿ ಒಂದು. ಗಂಡ ಕುರ್ಚಿಯ ಮೇಲೆ, ಹೆಂಡತಿ ನಿಂತು, ಸೆರಗು ಹಣೆಯವರೆಗೆ. ಆಮೇಲೆ ಇಲ್ಲ. ಆಮೇಲೆ ಇರುವುದು ಒಮ್ಮೊಮ್ಮೆ ಕಡೆಯ ಪಟ. ಲಿಂಗವಂತರಲ್ಲಿ ಮೃತರನ್ನು ಕುಳ್ಳಿರಿಸಿ, ವಿಭೂತಿ ಧರಿಸಿ, ಹೂಮಾಲೆ ಹಾಕುವ ಪದ್ಧತಿಯುಂಟು. ಆ ಹೊತ್ತಿನಲ್ಲಿ ಪೇಟೆಗೆ ಆಳನ್ನು ಓಡಿಸಿ ಪಟದವನನ್ನು ಕರೆಯಿಸುತ್ತಿದ್ದರು. ಸುತ್ತಲೂ ಮಕ್ಕಳು ಮೊಮ್ಮಕ್ಕಳು. ನಡುವೆ ಕಣ್ಣು ಮುಚ್ಚಿ ಕುಳಿತ ಮುದುಕಿ. ಅವಳ ಜೀವಮಾನದಲ್ಲಿ ಅವಳನ್ನು ನಡುವೆ ಕುಳ್ಳಿರಿಸಿ ತೆಗೆದ ಪಟ ಅದೊಂದೇ. ಹೊರಗಿನವರಿಗೆ ಇಂಥ ಪಟಗಳನ್ನು ಕಂಡರೆ ಹೆದರಿಕೆಯಾದೀತು. ಮನೆಯವರಿಗೆ ಹಾಗಲ್ಲ, ನಿತ್ಯವೂ ಅದಕ್ಕೆ ಊದಿನಕಡ್ಡಿ ಬೆಳಗುತ್ತಾರೆ.

ಗಂಡಸರ ಪಟಗಳ ಕಾಲವನ್ನು ಗೊತ್ತುಮಾಡುವುದಕ್ಕೆ ತಲೆಯುಡುಪಿನಂಥ ಸಾಧನ ಬೇರೊಂದಿಲ್ಲ. ಒಕ್ಕಲಿಗನ ರುಮಾಲು ಎಲ್ಲ ಕಾಲಕ್ಕೂ ಒಂದೇ. ಆದರೆ ಸರಕಾರಿ ನೌಕರರ ತಲೆಯ ಮೇಲೆ, ಅವರು ಯಾವ ಮತದವರೇ ಆಗಿರಲಿ, 1948ಕ್ಕೆ ಮೊದಲು ಕೆಂಪು ರೂಮಿ ಟೋಪಿಯನ್ನೂ ಮೈಮೇಲೆ ಶೇರವಾನಿಯನ್ನೂ ಅನೇಕ ಪಟಗಳಲ್ಲಿ ಕಂಡಿದ್ದೇವೆ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಹೈದರಾಬಾದನ್ನು ಪ್ರವೇಶಿಸಿ, 17ನೆಯ ತಾರೀಖು ನಿಜಾಮರ ಸರಕಾರ ಶರಣಾದ ಮೇಲೆ, ಅದೇ ಮನೆಯ ಅದೇ ಗೋಡೆಯ ಮೇಲೆ ಬಿಳಿಯ ಗಾಂಧಿ ಟೋಪಿಗಳು ಸಾಲುಗಟ್ಟಿ ಬರುತ್ತವೆ. ನೋಡುವುದಕ್ಕೆ ಇದು ವಿನೋದವೆನಿಸಬಹುದು. ಆದರೆ ಎರಡು ಟೋಪಿಗಳ ನಡುವೆ ಏನು ನಡೆಯಿತೆಂಬುದಕ್ಕೆ ಪಟಗಳಿಲ್ಲ. 1947-48ರಲ್ಲಿ ರಜಾಕಾರರ ಹಾವಳಿಗೆ ಅಂಜಿ ಎಷ್ಟೋ ಸಂಸಾರಗಳು ಮನೆಮಠ ಬಿಟ್ಟು ಗಡಿಯಾಚೆಗೆ ಓಡಿದವು. ಮುಂಡರಗಿ ಮೊದಲಾದೆಡೆಗಳಲ್ಲಿ ಶಿಬಿರಗಳು ನಡೆದವು. ಸೈನ್ಯ ಬಂದ ಮೇಲೆ ಏಟು ತಿಂದವರು ಹಳ್ಳಿಗಳ ಮುಸಲ್ಮಾನರು. ಕೇಂದ್ರ ಸರಕಾರ ವಿಚಾರಣೆಗೆ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ, ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಕಲಬುರಗಿಯನ್ನೂ ಹೆಸರಿಸಿತು. ಆಗ ಸುರಪುರ, ಶಹಾಪುರ, ಯಾದಗಿರಿಗಳು ಆ ಜಿಲ್ಲೆಯೊಳಗೇ ಇದ್ದವು. ಓಡುವವರು ಪಟ ಇಳಿಸಿಕೊಂಡು ಓಡುವುದಿಲ್ಲ. ಒಂದು ಮನೆಯಲ್ಲಿ ಶಾಲೆಯ ಗುಂಪಿನ ಪಟವೊಂದನ್ನು ಕಂಡೆವು. ನಡುವೆ ಕುಳಿತ ಮಾಸ್ತರರ ಮುಖವನ್ನು ಯಾರೋ ಉಗುರಿನಿಂದ ಕೆರೆದಿದ್ದರು. ಟೋಪಿ ಮಾತ್ರ ಉಳಿದಿತ್ತು. ಯಾರು ಕೆರೆದರೆಂದು ಕೇಳಿದ್ದಕ್ಕೆ ಮನೆಯ ಹಿರಿಯರು, ‘ಸಣ್ಣ ಹುಡುಗೂರು ಕೆರದಿರಬೇಕ್ರಿ’ ಎಂದು ಹೇಳಿ ಮಾತು ಬದಲಿಸಿದರು. ನಾವೂ ಮುಂದೆ ಕೇಳಲಿಲ್ಲ.

ಈಗ ನಮ್ಮ ತಪ್ಪಿನ ವಿಷಯ. ಶಹಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ, ಹಿಂದೆ ಪಟವಾರಿಕೆ ನಡೆಸಿದ ಮನೆತನದವರು ನಮಗೊಂದು ಪಟವನ್ನು ಕೊಟ್ಟರು. ದಪ್ಪ ರಟ್ಟಿಗೆ ಅಂಟಿಸಿದ್ದು. ಒಂದು ಮೂಲೆಯನ್ನು ಇಲಿ ತಿಂದಿತ್ತು. ಊರ ಚಾವಡಿಯ ಮುಂದೆ ಹನ್ನೊಂದು ಜನ. ಕುರ್ಚಿಗಳ ಮೇಲೆ ಮೂವರು. ಅವರಲ್ಲೊಬ್ಬರಿಗೆ ರೂಮಿ ಟೋಪಿ. ಅವರ ಬಲಕ್ಕೆ ದೊಡ್ಡ ತಕ್ಕಡಿ. ಎಡಕ್ಕೆ ಆಳೆತ್ತರಕ್ಕೆ ಒಟ್ಟಿದ ಚೀಲಗಳು. ಹಿಂದೆ ನಿಂತವರಲ್ಲಿ ಕೆಲವರಿಗೆ ರುಮಾಲು, ಕೆಲವರಿಗೆ ಬರಿತಲೆ. ಪಟದ ಬಲದಂಚಿನಲ್ಲಿ, ಚೌಕಟ್ಟಿನಿಂದ ಅರ್ಧ ಹೊರಗೆ ಬಿದ್ದಂತೆ, ಕೈಯಲ್ಲಿ ಕೋಲು ಹಿಡಿದ, ಹೆಗಲಿಗೆ ಕಂಬಳಿ ಹಾಕಿದ ಒಬ್ಬ ಮನುಷ್ಯ. ಹಿಂಬದಿಯಲ್ಲಿ ಉರ್ದು ಅಂಕಿಗಳಲ್ಲಿ ‘55’ ಎಂದಿತ್ತು.

ಅದನ್ನು 1955 ಎಂದು ನಾವು ತಿಳಿದೆವು. ಚೀಲಗಳನ್ನು ಕಂಡು, ಸುಗ್ಗಿ ಚೆನ್ನಾಗಿ ಬಂದ ವರ್ಷವೆಂದು ಊಹಿಸಿದೆವು. ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅದನ್ನು ಮುದ್ರಿಸಿ, ಅಡಿಯಲ್ಲಿ ‘ಸುಗ್ಗಿಯ ಸಂಭ್ರಮ: ಗ್ರಾಮದ ಪ್ರಮುಖರು ಮತ್ತು ಸೇವಕರು, 1955’ ಎಂದು ಬರೆದೆವು. ಈ ಒಂದು ಸಾಲಿನಲ್ಲಿ ಎಷ್ಟು ತಪ್ಪುಗಳಿರಬಹುದೋ ಅಷ್ಟೂ ಇದ್ದವು.

ಮೊದಲ ತಪ್ಪು ನಮಗೇ ಹೊಳೆಯಿತು. 1955ರಲ್ಲಿ ಸರಕಾರಿ ಮನುಷ್ಯನಿಗೆ ರೂಮಿ ಟೋಪಿ ಎಲ್ಲಿಂದ ಬರಬೇಕು? ನಿಜಾಮರ ರಾಜ್ಯದ ಕಾಗದಗಳಲ್ಲಿ ಇಸವಿಯಿರಲಿಲ್ಲ, ಫಸಲಿಯಿತ್ತು. ಫಸಲಿಗೆ 590 ಕೂಡಿಸಿದರೆ ಇಸವಿ ಬರುತ್ತದೆ. ಜನ ಈಗ ಇಸವಿಯನ್ನು ಹೇಳುವಂತೆಯೇ ಆಗ ಫಸಲಿಯ ಕೊನೆಯ ಎರಡು ಅಂಕಿಗಳನ್ನಷ್ಟೇ ಹೇಳುತ್ತಿದ್ದರು. ಆದುದರಿಂದ ಅದು ಫಸಲಿ 1355, ಎಂದರೆ 1945-46. ಇಂಗ್ಲಿಷ್ ವಿದ್ಯೆಯಿಂದ ಬಂದ ಅಭ್ಯಾಸ, ಎರಡು ಅಂಕಿ ಕಂಡಲ್ಲಿ ಹಿಂದೆ ಹತ್ತೊಂಬತ್ತನ್ನು ಸೇರಿಸುವುದು.

ಉಳಿದ ತಪ್ಪುಗಳನ್ನು ತಿದ್ದಿದವರು ಬೇರೆ. ಆ ಊರಿನ ಒಬ್ಬ ವಿದ್ಯಾರ್ಥಿನಿ ಸಂಚಿಕೆಯನ್ನು ಮನೆಗೆ ಒಯ್ದಿದ್ದಳು. ಮುಂದಿನ ವಾರ ಬಂದು, ‘ಸರ, ನಮ್ಮ ಆಯಿ ನಿಮ್ಮನ್ನ ಕರೀಲಾಕ ಹೇಳ್ಯಾಳ್ರಿ’ ಎಂದಳು. ಹೋದೆವು. ಊರ ಹೊರವಲಯದ ಚಿಕ್ಕ ಮನೆ. ಎಂಬತ್ತು ದಾಟಿದ ವೃದ್ಧೆ ಬಾಗಿಲಲ್ಲಿ ಕುಳಿತಿದ್ದರು. ಓದು ಬಾರದವರು. ಸಂಚಿಕೆಯ ಆ ಪುಟವನ್ನು ತೊಡೆಯ ಮೇಲೆ ಇರಿಸಿಕೊಂಡು, ಪಟದ ಬಲದಂಚಿನಲ್ಲಿದ್ದ ಮನುಷ್ಯನ ಮೇಲೆ ಬೆರಳಿಟ್ಟು, ‘ಇದರಾಗ ಇವನ್ನ ಏನಂತ ಬರದೀರಿ?’ ಎಂದು ಕೇಳಿದರು. ಸೇವಕರೆಂದು ಬರೆದಿದ್ದೇವೆಂದು ಹೇಳಿದೆವು.

‘ಇವಾ ಸೇವಕ ಅಲ್ರಿ. ನಮ್ಮಪ್ಪ.’

ನಾವು ಸುಮ್ಮನಿದ್ದೆವು. ಅವರು ಕೋಪದಿಂದ ಹೇಳಲಿಲ್ಲ. ಲೆಕ್ಕದಲ್ಲಿ ತಪ್ಪು ಮಾಡಿದ ಹುಡುಗನನ್ನು ತಿದ್ದುವ ಧ್ವನಿಯಲ್ಲಿ ಹೇಳಿದರು. ಆಮೇಲೆ ತಾವಾಗಿಯೇ ಮುಂದುವರಿಸಿದರು. ತಂದೆ ಊರ ತಳವಾರ. ಬೇಡರ ಮನೆತನ, ಪೂರ್ವಿಕರು ಸುರಪುರದ ದೊರೆಯ ಪಡೆಯಲ್ಲಿದ್ದವರೆಂದು ಮನೆಯಲ್ಲಿ ಹೇಳುತ್ತಿದ್ದರಂತೆ. ಆ ಪಟ ತೆಗೆದಾಗ ತಮಗೆ ನಾಲ್ಕೋ ಐದೋ ವರ್ಷ. ತಮಗೇನೂ ನೆನಪಿಲ್ಲ, ತಾಯಿ ಹೇಳಿದ್ದು ಮಾತ್ರ ನೆನಪಿದೆ.

‘ಸುಗ್ಗಿ ಎಲ್ಲಿದರಿ? ಲೆವ್ವಿ ಜ್ವಾಳ ತೂಗಾಕ ಬಂದಿದ್ರು. ಮನಿಮನಿಗಿ ಹೋಗಿ ಜ್ವಾಳ ತಗಿಸಿದಾವ ನಮ್ಮಪ್ಪನ. ನಮ್ಮ ಹಗೇದಾಗಿಂದೂ ತಗದ ಕೊಟ್ಟಾನ. ಆ ವರ್ಷ ನಾವು ಏನ ತಿಂದಿವಿ ಅಂತ ನಮ್ಮವ್ವ ಸಾಯತನಾ ಹೇಳತಿದ್ಲು. ಪಟದವಾ ಬಂದು ನಿಲ್ರಿ ಅಂದಾಗ ಎಲ್ಲಾರೂ ನಿಂತಾರ. ನಮ್ಮಪ್ಪಗ ಸರದು ನಿಲ್ಲು ಅಂದ್ರಂತ. ಅದಕ್ಕ ಅರ್ಧಾ ಬಂದಾನ.’

ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೈದರಾಬಾದು ಸರಕಾರ ರೈತರಿಂದ ಕಡ್ಡಾಯವಾಗಿ ಧಾನ್ಯದ ಲೆವಿಯನ್ನು ಎತ್ತುತ್ತಿದ್ದುದು ಇತಿಹಾಸದ ಪುಸ್ತಕಗಳಲ್ಲಿದೆ. ನಾವು ಅದನ್ನು ಪಾಠವಾಗಿ ಹೇಳಿದ್ದೇವೆ. ತೆಲಂಗಾಣದ ರೈತರ ಹೋರಾಟಕ್ಕೆ ಅದೊಂದು ಕಾರಣವೆಂದು ಪರೀಕ್ಷೆಯ ಪ್ರಶ್ನೆಗೆ ಉತ್ತರವನ್ನೂ ಬರೆಯಿಸಿದ್ದೇವೆ. ಅದೇ ಲೆವಿಯ ತಕ್ಕಡಿ, ಅದೇ ಲೆವಿಯ ಚೀಲಗಳು ಕಣ್ಣೆದುರಿಗೆ ಬಂದಾಗ ಅದನ್ನು ಸುಗ್ಗಿಯ ಸಂಭ್ರಮವೆಂದು ಓದಿದೆವು. ಮತ್ತೆ ಪಟವನ್ನು ನೋಡಿದಾಗ, ಹಿಂದೆ ನಿಂತವರ ಮುಖಗಳಲ್ಲಿ ಒಬ್ಬರದೂ ಸಂಭ್ರಮದ ಮುಖವಲ್ಲವೆಂದು ಕಂಡಿತು. ಆ ಕಾಲದ ಪಟಗಳಲ್ಲಿ ಯಾರೂ ನಗುವುದಿಲ್ಲವೆಂದು ನಮ್ಮನ್ನು ನಾವು ಸಮಾಧಾನಪಡಿಸಿಕೊಳ್ಳಬಹುದಾಗಿತ್ತು. ಆದರೆ ಕುರ್ಚಿಯ ಮೇಲಿನ ಮೂವರಲ್ಲೊಬ್ಬರು ನಗುತ್ತಿದ್ದಾರೆ.

ತಳವಾರನ ವೃತ್ತಿ ವಂಶಪಾರಂಪರ್ಯವಾದುದು. ಮಾಲಿ ಪಾಟೀಲ, ಪೊಲೀಸ ಪಾಟೀಲ, ಪಟವಾರಿ ಇವರ ಜೊತೆಗೆ ಅವನೂ ಊರ ಆಡಳಿತದ ಒಂದಂಗ. ಪಾಟೀಲರೂ ಪಟವಾರಿಗಳೂ ಕಾಗದದಲ್ಲಿ ಉಳಿದರು; ಮೊಹರು, ರುಜು, ವಂಶಾವಳಿಗಳಿವೆ. ತಳವಾರನು ರಾತ್ರಿ ಊರು ಕಾದನು, ಹಗಲು ಕರೆಯಲು ಹೋದನು. ಅವನ ಕೆಲಸದಿಂದ ಕಾಗದ ಹುಟ್ಟಲಿಲ್ಲ. ವಂಶಪಾರಂಪರ್ಯದ ಈ ಗ್ರಾಮವೃತ್ತಿಗಳನ್ನು ರದ್ದುಪಡಿಸುವ ಕಾಯಿದೆ 1961ರಲ್ಲಿ ಆಗಿ, 1963ರಲ್ಲಿ ಜಾರಿಗೆ ಬಂದಿತು. ಆ ವೃದ್ಧೆಯ ಅಣ್ಣ ಕೆಲವು ವರ್ಷ ಆ ಕೋಲನ್ನು ಹಿಡಿದಿದ್ದರಂತೆ. ಕೋಲು ಈಗಲೂ ಮಾಳಿಗೆಯ ತೊಲೆಯ ಮೇಲಿದೆ. ಮೊಮ್ಮಗಳು ತೆಗೆದು ತೋರಿಸಿದಳು. ಪಟದ ಕೋಲು ಅದೇ ಎಂಬುದರಲ್ಲಿ ನಮಗೆ ಸಂದೇಹ ಉಳಿಯಲಿಲ್ಲ. ತುದಿಯ ಹಿತ್ತಾಳೆಯ ಕಟ್ಟು ಎರಡರಲ್ಲಿಯೂ ಒಂದೇ ಕಡೆ ಬಾಗಿದೆ.

ಆ ದಿನ ಸಂಜೆಯವರೆಗೆ ಅಲ್ಲಿಯೇ ಕುಳಿತೆವು. ಅಕ್ಕಪಕ್ಕದ ಮುದುಕರು ಬಂದರು. ಪಟ ಕೈಯಿಂದ ಕೈಗೆ ಹೋಯಿತು. ಕಣ್ಣು ಮಂಜಾದವರಿಗೆ ಮೊಮ್ಮಕ್ಕಳು ಮುಖಗಳನ್ನು ವರ್ಣಿಸಿ ಹೇಳಿದರು: ‘ಮೂಗ ಉದ್ದದ, ಕಿವಿಗಿ ಮುರುವು ಅದ.’ ‘ಹಂಗಾರ ಅವಾ ಬಡಿಗೇರ ಓಣ್ಯಾವ’ ಎಂದು ಕುರುಡರೊಬ್ಬರು ನಿರ್ಣಯ ಹೇಳಿದರು. ಜಗಳವೂ ಆಯಿತು. ಒಬ್ಬ ಮನುಷ್ಯನನ್ನು ಇಬ್ಬರು ತಮ್ಮ ಅಜ್ಜನೆಂದು ಹೇಳಿಕೊಂಡರು. ಇನ್ನೊಬ್ಬನನ್ನು ಯಾರೂ ಹೇಳಿಕೊಳ್ಳಲಿಲ್ಲ. ಎಂಟು ಹೆಸರುಗಳು ಗೊತ್ತಾದವು. ಮೂರು ಉಳಿದವು: ತಕ್ಕಡಿ ಹಿಡಿದವನು, ಚೀಲಗಳ ಹಿಂದೆ ತಲೆ ಮಾತ್ರ ಕಾಣುವವನು, ಮತ್ತು ಕುರ್ಚಿಯ ಕಾಲ ಬಳಿ ಕುಳಿತ ಒಬ್ಬ ಹುಡುಗ.

ತಂದೆಯ ಹೆಸರನ್ನು ರೇಡಿಯೋ ಭಾಷಣದಲ್ಲಿ ಹೇಳಬಹುದೇ ಎಂದು ಆ ತಾಯಿಯನ್ನು ಕೇಳಿದೆವು. ‘ಬ್ಯಾಡ್ರಿ. ಊರ ಮಂದಿಗಿ ಗೊತ್ತಾದರ ಸಾಕು. ಪಟದ ಹಿಂದ ಬರದ ಕೊಡ್ರಿ’ ಎಂದರು. ಆದುದರಿಂದ ಇಲ್ಲಿ ಹೇಳುವುದಿಲ್ಲ. ಪ್ರತಿ ತೆಗೆಯಿಸಿ, ಹಿಂಬದಿಯಲ್ಲಿ ಎಂಟು ಹೆಸರುಗಳನ್ನೂ ಅವರವರ ಸ್ಥಾನದಲ್ಲಿ ಸೀಸದ ಕಡ್ಡಿಯಿಂದ ಬರೆದುಕೊಟ್ಟೆವು. ಮಸಿಯಿಂದ ಬರೆದರೆ ಮುಂಬದಿಗೆ ಇಳಿದು ಮುಖಗಳನ್ನು ಕೆಡಿಸುತ್ತದೆ. ಅವರು ಮೊಮ್ಮಗಳಿಂದ ಎರಡು ಸಲ ಓದಿಸಿ ಕೇಳಿದರು. ಎರಡನೆಯ ಸಲ, ತಂದೆಯ ಹೆಸರಿನ ಹಿಂದೆ ‘ತಳವಾರ’ ಎಂದು ಇದೆಯೋ ಇಲ್ಲವೋ ಎಂದು ವಿಚಾರಿಸಿದರು. ಇರಲಿಲ್ಲ, ಸೇರಿಸಿದೆವು.

ಆ ಹುಡುಗನನ್ನು ಗುರುತಿಸಬಲ್ಲ ಒಬ್ಬರು ಪುಣೆಯಲ್ಲಿ ಮಗನ ಮನೆಯಲ್ಲಿ ಇದ್ದಾರಂತೆ. ಸಂಕ್ರಾಂತಿಗೆ, ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಬರುವವರಿದ್ದಾರೆಂದು ಹೇಳಿದರು. ಪಟದ ಇನ್ನೊಂದು ಪ್ರತಿಯನ್ನು ತೆಗೆದಿರಿಸಿದ್ದೇವೆ.